ಹತ್ತು ದಿನ ಬಳಸಿ ನೋಡಿದ ಫೋನು

ಮಾರ್ಚ್ 3, ಸೋಮವಾರ

ಮಗಳ ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಬಿಸಾಡಲು ಮನಸ್ಸು ಬರಲಿಲ್ಲ. ಇವರು ಟ್ಯಾಂಕರ್ ಹತ್ತಿ ಹೋಗಿ ಇವತ್ತಿಗೆ ಎರಡು ದಿನ, ಬರುವುದು ಹದಿನಾಲ್ಕನೇ ತಾರೀಕಿಗೆ. ಅಲ್ಲಿಯ ತನಕ ಬೈಯುವುದಕ್ಕೆ ಯಾರಾದರೂ ಬೇಕಲ್ಲ, ಅದಕ್ಕೇ ಈ ಪುಸ್ತಕ. ಮಗಳನ್ನು ಬೈದರೆ ಎರಡರಷ್ಟು ವಾಪಸ್ ಬರುತ್ತದೆ. ಒಂಬತ್ತು ತುಂಬಿದರೂ ಗಾತ್ರ ಕಾಳಿನಷ್ಟೇ, ಖಾರ ಮಾತ್ರ ಮನೆ ತುಂಬ. ಮೆಣಸು ಎಂದು ಹೆಸರಿಟ್ಟವಳು ನಾನೇ, ಈಗ ಅನುಭವಿಸುತ್ತಿರುವವಳೂ ನಾನೇ. ಏಳೆಂಟಲಿ ಐವತ್ತನಾಲ್ಕು ಎಂದು ಬರೆದು ನನ್ನ ಜೊತೆ ವಾದಕ್ಕೆ ನಿಂತಳು. ಕೆಂಪು ಪೆನ್ನಿನಲ್ಲಿ ತಿದ್ದಿ ಬಾಯಿ ಮುಚ್ಚಿಸಿದೆ.

ಅಂಗಡಿಯಲ್ಲಿ ಹೊಸ ತಲೆನೋವು. ಒಬ್ಬ ದಲ್ಲಾಳಿ ಮನೆಮನೆಯಿಂದ ಒಂದೇ ಮಾಡೆಲಿನ ನಲವತ್ತು ಹಳೆಯ ಫೋನು ಕೂಡಿಹಾಕಿದ್ದಾನೆ, ನೋಡಲಿ ಎಂದು ಒಂದನ್ನು ಕಳಿಸಿದ್ದಾನೆ. ಯಜಮಾನರು ಅದನ್ನು ನನ್ನ ಮೇಜಿಗೆ ತಳ್ಳಿ, "ಐದು ವರ್ಷದ ಹಿಂದಿನದು ಕಣಮ್ಮ. ಈಗಲೂ ಕೊಳ್ಳೋ ಹಾಗಿದೆಯಾ? ನೀನು ಹೂಂ ಅಂದ್ರೆ ನಲವತ್ತೂ ತಗೋತೀನಿ," ಎಂದರು.

ಹೂಂ ಎನ್ನುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಮೊದಲು ಫೋನಿನಲ್ಲಿರುವುದನ್ನೆಲ್ಲ ಅಳಿಸಬೇಕು, ಆಮೇಲೆ ಬೀಗ ತೆರೆಯಲು ನನ್ನ ಮುಖ ಹಾಕಿ, ನನ್ನ ಸಿಮ್ ಹಾಕಿ, ಹತ್ತು ದಿನ ನನ್ನದೇ ಫೋನು ಎಂಬಂತೆ ಬಾಳಬೇಕು. ಮೇಜಿನ ಮೇಲೆ ಅರ್ಧ ಗಂಟೆ ನೋಡಿದರೆ ಎಲ್ಲ ಫೋನೂ ಒಳ್ಳೆಯ ಮಗುವೇ. ಬುದ್ಧಿ ಗೊತ್ತಾಗುವುದು ಜೊತೆಗಿದ್ದಾಗ.

ಇದನ್ನು ಮುಖದ ಎದುರು ಹಿಡಿದ ಕೂಡಲೇ ತೆರೆದುಕೊಂಡಿತು. ಊಟಕ್ಕೆ ಮುಂಚೆ ಐದಾರು ಫೋನು ಅಳಿಸಿ ನನ್ನ ಮುಖ ಹಾಕಿದ್ದೆ. ಇದೂ ಆ ಗುಂಪಿನಲ್ಲೇ ಸೇರಿಹೋಗಿರಬೇಕು. ಒಂದನ್ನೇ ಎರಡು ಸಲ ಅಳಿಸುವಷ್ಟು ಪುರುಸೊತ್ತು ಯಾರಿಗಿದೆ? ಸಿಮ್ ಹಾಕಿ ಚೀಲಕ್ಕೆ ಸೇರಿಸಿದೆ. ನನ್ನ ಸ್ವಂತ ಫೋನು ಹತ್ತು ದಿನ ಕಪಾಟಿನಲ್ಲಿ ನಿದ್ದೆ ಮಾಡಲಿ.

ಮಾರ್ಚ್ 4, ಮಂಗಳವಾರ

ಬ್ಯಾಟರಿ ನೂರಕ್ಕೆ ಎಂಬತ್ತೊಂದು ಉಳಿದಿದೆ, ವಯಸ್ಸಿಗೆ ಮೋಸವಿಲ್ಲ. ಕಂಪನಿಯವರು ಹೋದ ವರ್ಷವೇ ಅಪ್‌ಡೇಟ್ ನಿಲ್ಲಿಸಿದ್ದಾರೆ, ಅದೊಂದು ಕುಂದು. ಬ್ಯಾಂಕಿನ ಆ್ಯಪ್ ಗೊಣಗುತ್ತಾ ತೆರೆಯುತ್ತದೆ. ಕ್ಯಾಮೆರಾ ಚೆನ್ನಾಗಿದೆ. ಸ್ಪೀಕರಿನ ಬಾಯಿಗೆ ಧೂಳು ಕೂತಿತ್ತು, ಬ್ರಶ್ ಹಾಕಿ ತಿಕ್ಕಿದೆ.

ಬೆಳಿಗ್ಗೆ ಐದು ನಲವತ್ತಕ್ಕೆ ಅಲಾರಂ ಹೊಡೆದುಕೊಂಡಿತು. ನಾನಂತೂ ಇಟ್ಟವಳಲ್ಲ. ಏಳಕ್ಕೆ ಮುಂಚೆ ನನ್ನನ್ನು ಎಬ್ಬಿಸಲು ಇವರಿಗೇ ಧೈರ್ಯ ಸಾಲದು. ಮೆಣಸಿನ ಕಿತಾಪತಿ ಎಂದು ಗದರಿದೆ, ಅವಳು ನಾನಲ್ಲ ಎಂದು ಮುಖ ಊದಿಸಿಕೊಂಡಳು.

ಶಾಲೆಯ ನಾಟಕದಲ್ಲಿ ಅವಳಿಗೆ ರಾಣಿಯ ಪಾತ್ರ ಬೇಕಿತ್ತು, ಜಗಳವಾಡಿ ಕೊನೆಗೆ ಸಿಕ್ಕಿದ್ದು ಅರಮನೆಯ ಬಾಗಿಲು. ದಾರಿ ತಪ್ಪಿದ ರಾಣಿ ಬಹಳ ದಿನದ ಮೇಲೆ ವಾಪಸ್ ಬಂದಾಗ ಬಾಗಿಲಿಗೆ ಗುರುತು ಸಿಗುವುದಿಲ್ಲವಂತೆ. ಇರುವುದು ಒಂದೇ ಮಾತು. ಸಂಜೆ ಮನೆಗೆ ಬಂದರೆ ಹೊಸ್ತಿಲ ಮೇಲೆ ಕೈ ಚಾಚಿ ನಿಂತಿದ್ದಳು.

"ಯಾರು ನೀನು? ಹೆಸರು ಹೇಳದೆ ಒಳಗೆ ಬಿಡೋದಿಲ್ಲ."

"ನಿಮ್ಮಮ್ಮ ಕಣೇ. ಕೈಲಿ ತರಕಾರಿ ಚೀಲ ಇದೆ, ಸರಿ ಪಕ್ಕಕ್ಕೆ."

"ಹಂಗೆ ಹೇಳಿದ್ರೆ ಬಾಗಿಲು ತೆಗೆಯಲ್ಲ. ಹೆಸರು ಹೇಳಬೇಕು."

ಹೆಸರು ಹೇಳಿ ಒಳಗೆ ಹೋದೆ. ನಾಟಕ ಹನ್ನೆರಡನೇ ತಾರೀಕಿಗೆ, ಬುಧವಾರ, ಮಧ್ಯಾಹ್ನ ಮೂರೂವರೆಗೆ. ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ವಿಡಿಯೊ ಮಾಡುತ್ತೇನೆ ಎಂದು ತಲೆ ಮುಟ್ಟಿ ಮಾತು ಕೊಟ್ಟಿದ್ದೇನೆ. ಹೋದ ವರ್ಷ ಕೆಲಸ ಅಂತ ಹೋಗಲಿಲ್ಲ, ಅದನ್ನು ಇನ್ನೂ ಎತ್ತಿ ಆಡುತ್ತಾಳೆ. ಹತ್ತನೇ ದಿನವೂ ಅವತ್ತೇ ಬೀಳುತ್ತದೆ. ಕ್ಯಾಮೆರಾ ಪರೀಕ್ಷೆಯೂ ಆಯಿತು, ಮಾತು ಉಳಿಸಿಕೊಂಡ ಹಾಗೂ ಆಯಿತು.

ಮಾರ್ಚ್ 5, ಬುಧವಾರ

ಸಂಜೆ ನಾಲ್ಕಕ್ಕೆ ಸರಿಯಾಗಿ ಫೋನು ಗಂಟೆ ಬಾರಿಸಿ ಒಂದು ಸಾಲು ತೋರಿಸಿತು: ಅಣ್ಣನಿಗೆ ಹನಿ.

ನನಗೆ ಅಣ್ಣನೇ ಇಲ್ಲ. ನಾವು ಮೂವರೂ ಹೆಣ್ಣುಮಕ್ಕಳು.

ನಮ್ಮ ರಿಪೇರಿಯವನಿಗೆ ತೋರಿಸಿದೆ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಕಟ್ಟಿಕೊಂಡಿರುವುದರಿಂದ ಅವನಿಗೆ ಅದೇ ಹೆಸರು. "ಅಕ್ಕ, ಅಳಿಸಿದ್ರಾ ಇಲ್ವಾ ಇದನ್ನ?" ಎಂದ.

"ಅಳಿಸದೆ ನನ್ನ ಮುಖಕ್ಕೆ ಹೇಗಪ್ಪಾ ತೆರೆಯುತ್ತೆ?"

ಅವನು ಅದೂ ಸರಿ ಎಂದು ತಲೆ ಕೆರೆದುಕೊಂಡ. ಆಮೇಲೆ ಅಂಗಡಿಯ ಪುಸ್ತಕ ತೆಗೆದು ನೋಡಿದರೆ ಸೋಮವಾರ ಅಳಿಸಿದ ಫೋನುಗಳ ಪಟ್ಟಿಯಲ್ಲಿ ಇದರ ನಂಬರ್ ಇಲ್ಲ. ನನ್ನ ಮುಖವನ್ನೇ ಹೋಲುವ ಇನ್ನೊಬ್ಬಳು ಎಲ್ಲೋ ಇರಬೇಕು, ಪಾಪ ಅವಳ ಗತಿ. ಈಗ ಅಳಿಸಿದರೆ ಮೂರು ದಿನದ ಬಳಕೆ ನೀರಿನಲ್ಲಿ ಹೋಮ, ಮತ್ತೆ ಮೊದಲಿನಿಂದ ಶುರು, ಹನ್ನೆರಡಕ್ಕೆ ಮುಗಿಯುವುದಿಲ್ಲ. ಇರಲಿ ಬಿಡು ಎಂದೆ. ಹದಿನೆಂಟು ವರ್ಷದಲ್ಲಿ ಮೊದಲ ಎಡವಟ್ಟು. ಯಜಮಾನರಿಗೆ ಹೇಳುವುದಿಲ್ಲ.

ಮಾರ್ಚ್ 6, ಗುರುವಾರ

ಐದು ನಲವತ್ತಕ್ಕೆ ಅಲಾರಮಿಗಿಂತ ಮುಂಚೆಯೇ ಎಚ್ಚರವಾಯಿತು. ಬೆಳಿಗ್ಗೆ ಅಷ್ಟು ಹೊತ್ತು ಇರುತ್ತದೆ ಎಂದೇ ಗೊತ್ತಿರಲಿಲ್ಲ. ಫೋನು ಗಿಡಗಳಿಗೆ ನೀರು ಎಂದಿತು. ನಮ್ಮ ಮನೆಯಲ್ಲಿ ಗಿಡ ಅಂತ ಇರುವುದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ಒಂದು ಚೊಂಬು ನೀರು ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದೆ, ಎಷ್ಟು ಹೊತ್ತೋ. ಮೆಣಸು ಬಂದು, "ಅಮ್ಮ, ಯಾರಿಗೆ ನೀರು?" ಎಂದಾಗ ನಗು ಬಂತು.

ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ. ಇಷ್ಟು ವರ್ಷ ಸಪ್ಪೆ ಚಹಾ ಕುಡಿದು ಯಾಕೆ ಜೀವ ತೇಯ್ದೆ ಎನಿಸಿತು.

ನಾಲ್ಕಕ್ಕೆ ಮತ್ತೆ ಅದೇ ಸಾಲು. ಮುಚ್ಚಿದರೆ ಹತ್ತು ನಿಮಿಷಕ್ಕೆ ಮತ್ತೆ. ಆರು ಸಲ ಬಂತು. ಯಾರಿಗೋ ಔಷಧಿ ತಪ್ಪುತ್ತಿದೆ ಎಂಬುದು ತಲೆ ಕೊರೆಯುತ್ತಿದೆ.

ಮಾರ್ಚ್ 7, ಶುಕ್ರವಾರ

ಫೋನಿನ ನಕ್ಷೆಯಲ್ಲಿ ಮನೆ ಎಂದು ಒತ್ತಿದರೆ ನಮ್ಮ ಮನೆ ಬರಲಿಲ್ಲ. ಬಸ್ಸಿನಲ್ಲಿ ಮೂರು ನಿಲ್ದಾಣ ಆಚೆಗೆ, ಹಳದಿ ಗೇಟಿನ ಮನೆ. ಫೋನು ಯಾರದ್ದೋ ಅವರಿಗೆ ಹೇಳಿ, ಬೇಕಿದ್ದರೆ ಅದರಲ್ಲಿರುವುದನ್ನು ತೆಗೆದುಕೊಟ್ಟು ಬರೋಣ ಎಂದು ಹೊರಟೆ. ಅಷ್ಟೇ ಉದ್ದೇಶ.

ಗೇಟಿನ ಚಿಲಕ ಮೇಲಕ್ಕೆತ್ತಿ ಎಳೆದರೆ ಮಾತ್ರ ತೆರೆಯುತ್ತದೆ, ತಳ್ಳಿದರೆ ಇಲ್ಲ. ನಾನು ಎತ್ತಿ ಎಳೆದೆ. ಕುಂಡಗಳಲ್ಲಿ ಗಿಡಗಳೆಲ್ಲ ಬಾಡಿ ತಲೆ ಬಗ್ಗಿಸಿದ್ದವು.

ಬಾಗಿಲು ತೆರೆದೇ ಇತ್ತು. ಎಪ್ಪತ್ತರ ಹತ್ತಿರದ ಒಬ್ಬರು ಕುರ್ಚಿಯಲ್ಲಿ ಕೂತು ಸದ್ದಿನ ಕಡೆ ಕಿವಿ ಕೊಟ್ಟಿದ್ದರು. ಕಣ್ಣುಗಳ ಮೇಲೆ ಹಾಲಿನಂತೆ ಪೊರೆ.

"ಬಂದ್ಯಾ ತಂಗಿ?" ಎಂದರು. "ಆಸ್ಪತ್ರೆಯವರು ನೀನಿನ್ನು ಬರಲ್ಲ ಅಂದ್ರು. ನಾನು ನಂಬಲಿಲ್ಲ ನೋಡು."

"ನಾನು ಫೋನಿನ ಅಂಗಡಿಯಿಂದ ಬಂದಿದೀನಿ ಸರ್. ನಿಮ್ಮ ಮನೆಯವರ ಫೋನು..."

"ಫೋನು ಕೊಡಬೇಡಿ, ಅದಿದ್ರೆ ಅವಳು ಬರ್ತಾಳೆ ಅಂತ ಎಷ್ಟು ಬೇಡಿಕೊಂಡೆ. ಯಾರೋ ತಗೊಂಡು ಹೋದ್ರು. ಇರಲಿ. ಹನಿ ಹಾಕು, ಕಣ್ಣು ಉರೀತಿದೆ."

ಮುದುಕರೊಬ್ಬರು ಕಣ್ಣು ಉರಿಯುತ್ತಿದೆ ಎಂದಾಗ ನಾನು ಅಂಗಡಿಯವಳು, ನೀವು ಬೇರೆ ಯಾರನ್ನಾದರೂ ಕರೆಯಿರಿ ಎನ್ನುವುದು ಹೇಗೆ? ಕಿಟಕಿಯ ಪಕ್ಕದ ಗೂಡಿನಲ್ಲಿ, ಬಾಚಣಿಗೆಯ ಹಿಂದೆ ಸೀಸೆ ಇತ್ತು, ತೆಗೆದು ಹಾಕಿದೆ. ನನ್ನ ಮಣಿಕಟ್ಟು ಹಿಡಿದುಕೊಂಡು, "ಕೈ ಯಾವಾಗಲೂ ತಣ್ಣಗೆ ನಿಂದು," ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದೆ. ಸೀಸೆ ಬಾಚಣಿಗೆಯ ಹಿಂದೆ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇನ್ನು ಅತ್ತ ತಲೆ ಹಾಕುವುದಿಲ್ಲ. ಸೋಮವಾರ ಯಜಮಾನರಿಗೆ ಎಲ್ಲ ಹೇಳಿ, ಬೈಸಿಕೊಂಡು, ಫೋನು ಅಳಿಸಿಬಿಡುತ್ತೇನೆ.

ಮಾರ್ಚ್ 8, ಶನಿವಾರ

ನಾಲ್ಕಕ್ಕೆ ಹೋಗಿ ಹನಿ ಹಾಕಿ ಬಂದೆ. ಗಿಡಗಳಿಗೂ ಒಂದಿಷ್ಟು ನೀರು. ಹತ್ತು ನಿಮಿಷದ ಕೆಲಸ, ಅದಕ್ಕೇನು.

ಮಾರ್ಚ್ 9, ಭಾನುವಾರ

ಕೆಳಗಿನ ಮನೆಯ ದರ್ಜಿಯಮ್ಮ ಮಗಳಿಗೆ ಬಾಗಿಲಿನ ವೇಷ ಹೊಲಿದು ಕೊಟ್ಟಿದ್ದಾರೆ. ಕಂದು ಬಟ್ಟೆ, ಎದೆಯ ಮೇಲೆ ಹಳದಿ ಚಿಲಕ. ಚೆನ್ನಾಗಿದೆ. ಮೆಣಸು ಅದನ್ನು ತೊಟ್ಟು ಬಂದು, ನಾನು ಇದನ್ನು ಬರೆಯುತ್ತಿದ್ದ ಮೇಜಿನ ಪಕ್ಕ ನಿಂತು ಬಹಳ ಹೊತ್ತು ನೋಡಿದಳು.

"ಅಮ್ಮ, ನೀನು ಎಡಗೈಲಿ ಯಾಕೆ ಬರೀತಿದೀಯ?"

ನೋಡಿಕೊಂಡರೆ ಹೌದು. ಬಲಗೈಗೆ ಏನೋ ಸೋಲು ಬಂದಿರಬೇಕು. ಇಡೀ ದಿನ ಸ್ಕ್ರೂ ಬಿಚ್ಚುವ ಕೈ, ಅದಕ್ಕೂ ದಣಿವು ಆಗುತ್ತದೆ. ಅಕ್ಷರ ಗುಂಡಗೆ ಬೀಳುತ್ತಿದೆ, ಹಿಂದಿನ ಹಾಳೆಗಳ ಕೋಳಿಕಾಲು ಅಕ್ಷರಕ್ಕಿಂತ ಎಷ್ಟೋ ವಾಸಿ.

ನನ್ನ ಸ್ವಂತ ಫೋನನ್ನು ಕಪಾಟಿನಿಂದ ತೆಗೆದೆ, ಇವರ ಹಳೆಯ ಸಂದೇಶ ನೋಡೋಣ ಎಂದು. ಮುಖ ತೋರಿಸಿದರೆ ತೆರೆಯಲಿಲ್ಲ. ಎಂಟು ಸಲ ಪ್ರಯತ್ನಿಸಿದೆ. ಒಂದು ವಾರ ಮುಟ್ಟದಿದ್ದರೆ ಹೀಗೆ ಕೈಕೊಡುವ ಹೊಸ ಮಾಡೆಲಿಗಿಂತ ಹಳೆಯದೇ ಮೇಲು. ಈ ಮಾತನ್ನು ಯಜಮಾನರಿಗೆ ಕೊಡುವ ಚೀಟಿಯಲ್ಲಿ ಬರೆಯಬೇಕು.

ಮಾರ್ಚ್ 10, ಸೋಮವಾರ

ಅಂಗಡಿಯ ಹಾಜರಿ ಯಂತ್ರ ನನ್ನ ಬೆರಳನ್ನು ಒಪ್ಪಲಿಲ್ಲ. ಭೂತಗನ್ನಡಿ ಬಂದು ಯಂತ್ರ ಒರೆಸಿ, ಮತ್ತೆ ಒತ್ತಿಸಿ, ತನ್ನ ಕನ್ನಡಿ ಹಚ್ಚಿಕೊಂಡು ನನ್ನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. "ಅಕ್ಕ, ಇಲ್ಲಿ ನಿಮಗೊಂದು ಸುಟ್ಟ ಕಲೆ ಇತ್ತಲ್ಲ?" ಎಂದ. ಇತ್ತೇನೋ. ಮಾಸಿರಬೇಕು.

"ಆ ಫೋನು ಅಳಿಸಿಬಿಡೋಣ ಕೊಡಿ. ನನಗೆ ಯಾಕೋ ಸರಿ ಕಾಣಿಸ್ತಿಲ್ಲ," ಎಂದು ಕೈ ಚಾಚಿದ. ಕೊಡಲಿಲ್ಲ. ಸಿಟ್ಟು ಕೂಡ ಬರಲಿಲ್ಲ. ಪಾಪ, ಅವನದು ಒಳ್ಳೆಯ ಮನಸ್ಸು. ಈಚೆಗೆ ಯಾರ ಮೇಲೂ ಸಿಟ್ಟು ಬರುತ್ತಿಲ್ಲ, ಮನಸ್ಸು ತಿಳಿಯಾಗಿದೆ.

ಅಣ್ಣನಿಗೆ ಹನಿ ಹಾಕಿ, ಗಂಜಿ ಮಾಡಿಟ್ಟು, ಮನೆ ಸೇರುವ ಹೊತ್ತಿಗೆ ಏಳು. ಮಗಳು ಹೊಸ್ತಿಲ ಮೇಲೆ ನಿಂತು ತನ್ನ ಮಾತು ಹೇಳಿದಳು. ಯಾರು ನೀನು, ಹೆಸರು ಹೇಳದೆ ಒಳಗೆ ಬಿಡೋದಿಲ್ಲ. ಹೇಳಲು ಹೋದೆ, ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಬಂದ ಹೆಸರು ಬೇರೆ ಯಾವುದೋ. ಅವಳು ಕೈ ಇಳಿಸಿ, "ಬೇಡ ಅಮ್ಮ, ಆಟ ಸಾಕು. ಒಳಗೆ ಬಾ," ಎಂದಳು.

ಮಾರ್ಚ್ 11, ಮಂಗಳವಾರ

ಟ್ಯಾಂಕರ್ ಓಡಿಸುವವರು ಫೋನ್ ಮಾಡಿದ್ದರು. ಮಗು ಅಳುತ್ತಾ ಏನೇನೋ ಹೇಳಿದೆಯಂತೆ, ಏನಾಯಿತು ಎಂದು ಕೇಳಿದರು. "ಏನೂ ಇಲ್ಲ, ಸಮಾಧಾನವಾಗಿರಿ," ಎಂದೆ. "ನೀನು ಯಾವತ್ತು ನನಗೆ ಸಮಾಧಾನವಾಗಿರಿ ಅಂದಿದೀಯ? ಬೈಯಿ ಒಂದು ಸಲ. ನಿನ್ನ ದಮ್ಮಯ್ಯ, ಬೈಯಿ," ಎಂದರು. ಬೈಯುವುದಕ್ಕೆ ಏನೂ ತೋಚಲಿಲ್ಲ.

ನಾಳೆ ಮೂರೂವರೆಗೆ ಏನೋ ಇದೆ. ಫೋನಿನಲ್ಲಿ ನೆನಪು ಇಟ್ಟುಕೊಳ್ಳಲು ಹೋದರೆ ಉಳಿಯುತ್ತಿಲ್ಲ. ಆಮೇಲೆ ನೋಡೋಣ.

ಮಾರ್ಚ್ 12, ಬುಧವಾರ

ಹತ್ತು ದಿನ ಮುಗಿಯಿತು. ಚೀಟಿ ಬರೆದು ಕೊಟ್ಟೆ: ಕೊಳ್ಳಬಹುದು. ಹಳೆಯದು ಎಂಬುದೊಂದೇ ಕಾರಣಕ್ಕೆ ಯಾವುದನ್ನೂ ಬಿಡಬೇಕಾಗಿಲ್ಲ. ಹೊಸ ಕೈಗೆ ಬೇಗ ಹೊಂದಿಕೊಳ್ಳುತ್ತದೆ. ನಲವತ್ತನ್ನೂ ತೆಗೆದುಕೊಳ್ಳಿ. ಯಜಮಾನರು ಅಕ್ಷರ ನೋಡಿ, "ಇದು ಯಾರು ಬರೆದದ್ದು?" ಎಂದರು. ಫೋನು ವಾಪಸ್ ಕೇಳಿದರು, ನಾಳೆ ಎಂದೆ.

ಬಸ್ಸಿನಲ್ಲಿ ಹೋಗುವಾಗ ಶಾಲೆಯೊಂದರ ಅಂಗಳದಲ್ಲಿ ಕುರ್ಚಿ ಸಾಲಾಗಿ ಹಾಕಿದ್ದರು. ಗೇಟಿನ ಹತ್ತಿರ ಕಂದು ಬಟ್ಟೆ ತೊಟ್ಟ ಪುಟ್ಟ ಹುಡುಗಿ ರಸ್ತೆಯ ಕಡೆಗೇ ನೋಡುತ್ತಾ ನಿಂತಿದ್ದಳು. ಯಾರನ್ನೋ ಕಾಯುತ್ತಿರಬೇಕು. ಇಳಿಯಬೇಕು ಎಂದು ಎದ್ದು ನಿಂತೆ. ಯಾಕೆ ಎದ್ದೆನೋ ತಿಳಿಯದೆ ಮತ್ತೆ ಕೂತೆ. ಬಸ್ಸು ಮುಂದೆ ಹೋಯಿತು. ಕಣ್ಣಲ್ಲಿ ನೀರು ಬಂದಿತ್ತು, ಧೂಳಿಗೋ ಏನೋ.

ಮಾರ್ಚ್ 13, ಗುರುವಾರ

ಮನೆಯಲ್ಲೇ ಇದ್ದೆ. ಅಣ್ಣನ ಬಟ್ಟೆ ಒಗೆದು ಹಾಕಿದೆ. ಬಾಗಿಲ ಹಿಂದೆ ಬಿಟ್ಟಿದ್ದ ನನ್ನ ಚಪ್ಪಲಿ ಕಾಲಿಗೆ ಹಾಗೇ ಕೂತುಕೊಂಡಿತು. ಎರಡು ಗಿಡ ಚಿಗುರಿದೆ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಹತ್ತೂವರೆಗೆ ಗೇಟು ಅಲುಗಿದ ಸದ್ದು. ಹೊಸಬರು, ಗೇಟನ್ನು ತಳ್ಳುತ್ತಿದ್ದರು. ಹೋಗಿ ನೋಡಿದರೆ ಒಬ್ಬ ಗಂಡಸು, ಜೊತೆಗೆ ಪುಟ್ಟ ಹುಡುಗಿ. ಅವನ ಅಂಗಿಗೆ ಡೀಸೆಲ್ ವಾಸನೆ, ಕಣ್ಣು ಕೆಂಪಾಗಿತ್ತು. ಅಂಗಡಿಯ ಭೂತಗನ್ನಡಿ ಎಂಬುವನು ಈ ವಿಳಾಸ ಹುಡುಕಿಕೊಟ್ಟನಂತೆ. "ಏನೇ ಇದು? ಎರಡು ದಿನದಿಂದ ಮಗು ಅನ್ನ ಮುಟ್ಟಿಲ್ಲ. ನಡಿ ಮನೆಗೆ," ಎಂದ. ಗುರುತಿಲ್ಲದ ಹೆಂಗಸನ್ನು ಹೀಗೆ ಏಕವಚನದಲ್ಲಿ ಮಾತಾಡಿಸುವುದು ನನಗೆ ಹಿಡಿಸುವುದಿಲ್ಲ. ಆದರೆ ಮಗುವಿನ ಮುಖ ನೋಡಿ ಏನೂ ಅನ್ನಲಿಲ್ಲ.

ಹುಡುಗಿ ಕಂದು ಬಟ್ಟೆಯ ವೇಷ ತೊಟ್ಟಿದ್ದಳು, ಎದೆಯ ಮೇಲೆ ಹಳದಿ ಚಿಲಕ. "ನೀನು ನೋಡಲಿಲ್ವಲ್ಲ, ಅದಕ್ಕೇ ಹಾಕ್ಕೊಂಡು ಬಂದೆ," ಎಂದಳು.

ನಾನು ಗೇಟಿನ ಈಚೆಯಿಂದ ಬಗ್ಗಿ, ಆದಷ್ಟು ಮೆತ್ತಗೆ ಕೇಳಿದೆ. "ಯಾರಮ್ಮ ನೀನು? ನಿನ್ನ ಹೆಸರೇನು?"

ಅವಳ ಮುಖ ಒಮ್ಮೆ ಅರಳಿತು. ಆಟ ಎಂದುಕೊಂಡಳೋ ಏನೋ. "ಅದು ನನ್ನ ಮಾತು, ಅಮ್ಮ," ಎಂದಳು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತಾ ನಿಂತಳು. ಅರಳಿದ ಮುಖ ಹಾಗೇ ಮುದುಡಿಕೊಂಡಿತು. "ಮೆಣಸು," ಎಂದು ಹೆಸರು ಹೇಳಿದಳು. ಸ್ವಲ್ಪ ತಡೆದು ಮತ್ತೆ ಹೇಳಿದಳು. "ಅಮ್ಮ, ನಾನು ಮೆಣಸು. ಹೆಸರು ಹೇಳಿದೀನಲ್ಲ, ತೆಗಿ."

"ಯಾರದು?" ಎಂದು ಅಣ್ಣ ಒಳಗಿನಿಂದ ಕೇಳಿದ.

"ಯಾರದೋ ಮಗು ಅಣ್ಣ, ದಾರಿ ತಪ್ಪಿ ಬಂದಿದೆ," ಎಂದೆ.

ಈಗ ಮೂರೂವರೆ. ಆ ಮನುಷ್ಯ ಗೇಟಿನ ಆಚೆ ಇನ್ನೂ ಕೂತೇ ಇದ್ದಾನೆ, ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಬಿಸಿಲು. ಎರಡು ಲೋಟ ನೀರು ಕೊಟ್ಟು ಬಂದೆ. ಅವನು ಕುಡಿಯಲಿಲ್ಲ.

ಈ ಪುಸ್ತಕದ ಮೊದಲ ಹಾಳೆಗಳಲ್ಲಿ ಯಾವುದೋ ಮಗುವಿನ ಲೆಕ್ಕಗಳಿವೆ. ಏಳೆಂಟಲಿ ಐವತ್ತನಾಲ್ಕು ಎಂದು ಬರೆದಿದೆ, ಯಾರೋ ಕೆಂಪು ಶಾಯಿಯಲ್ಲಿ ಸಿಟ್ಟಿನಿಂದ ತಿದ್ದಿದ್ದಾರೆ. ಅಷ್ಟು ಚಿಕ್ಕ ಮಗುವಿಗೆ ಅಷ್ಟು ಜೋರು ಬೇಕಿರಲಿಲ್ಲ.

ಫೋನು ನನ್ನ ಕೈ ಬಿಟ್ಟಿದ್ದಾಗ ಯಾರೋ ಹತ್ತು ದಿನ ಬಳಸಿ ನೋಡಿದ್ದಾರೆ. ಅವರ ಫೋಟೊಗಳು ಹನ್ನೊಂದು ಉಳಿದುಹೋಗಿದ್ದವು. ಎಲ್ಲದರಲ್ಲೂ ಒಬ್ಬಳೇ ಹುಡುಗಿ: ಹಲ್ಲುಜ್ಜುತ್ತಿರುವುದು, ಹೊಸ್ತಿಲ ಮೇಲೆ ಕೈ ಚಾಚಿ ನಿಂತಿರುವುದು, ಮುಖ ಊದಿಸಿಕೊಂಡಿರುವುದು, ನಿದ್ದೆ ಹೋಗಿರುವುದು. ಬೇರೆಯವರ ವಸ್ತು ಇಟ್ಟುಕೊಳ್ಳುವುದು ಸರಿಯಲ್ಲ. ಒಂದೊಂದಾಗಿ ಎಲ್ಲವನ್ನೂ ಅಳಿಸಿದೆ. ಕೊನೆಯದಕ್ಕೆ ಬಂದಾಗ ಯಾಕೋ ಬೆರಳು ಸ್ವಲ್ಪ ತಡೆಯಿತು.

ನಾಲ್ಕು ಹೊಡೆಯಿತು. ಅಣ್ಣನಿಗೆ ಹನಿ ಹಾಕಬೇಕು.